ಮನೆಮಂದಿ ಜೊತೆ ನಿಜ ಘಟನೆಯ ಕ್ರೈಂ ಸಿನಿಮಾ: ಯಾರು ಕೂತಾಗ ಯಾವುದು ಹಾಕೋದು?

ರಜೆ ಬಂತೆಂದರೆ ನಮ್ಮ ಬಳ್ಳಾರಿ ಕಡೆ ಮನೆಗಳಲ್ಲಿ ಪಡಸಾಲೆ ತುಂಬುತ್ತದೆ. ಹೊಸಪೇಟೆಯಿಂದ ಅಕ್ಕ-ಮಾವ, ಸಿರುಗುಪ್ಪದಿಂದ ಅತ್ತೆ, ಬೆಂಗಳೂರಿನಿಂದ ತಮ್ಮ, ಇವರ ಜೊತೆ ಮಕ್ಕಳ ದಂಡು. ಎಲ್ಲರಿಗೂ ಒಂದೇ ಟಿವಿ. ಊಟ ಆದಮೇಲೆ ಯಾರಾದರೊಬ್ಬರು ಶುರು ಮಾಡುತ್ತಾರೆ: "ಇದು ನಿಜವಾಗ್ಲೂ ನಡೆದದ್ದಂತೆ, ಹಾಕ್ರಿ ನೋಡೋಣ." ಈ ಸೆಳೆತ ಹೊಸದೇನಲ್ಲ. ಬಳ್ಳಾರಿಯಲ್ಲೇ ಹುಟ್ಟಿದ ರವಿ ಬೆಳಗೆರೆ ಈಟಿವಿಯಲ್ಲಿ 'ಕ್ರೈಂ ಡೈರಿ' ನಡೆಸುತ್ತಿದ್ದಾಗಲೂ ಜನ ತಟ್ಟೆ ಕೈಯಲ್ಲಿ ಹಿಡಿದೇ ನೋಡುತ್ತಿದ್ದರು. ಈಗ ಫೋನಿನಲ್ಲಿ, ಟಿವಿಯಲ್ಲಿ ಇಂಥವು ರಾಶಿ ಬಿದ್ದಿವೆ. ಆರಿಸುವುದೇ ಕಷ್ಟ.

ಆರಿಸುವಾಗ ಎಲ್ಲರೂ ಕೇಳುವುದು "ರಕ್ತ ಜಾಸ್ತಿ ಇದೆಯಾ?" ಅಂತ. ಕೇಳಬೇಕಾದದ್ದೇ. ಆದರೆ ಅಷ್ಟಕ್ಕೇ ನಿಲ್ಲಬಾರದು. ಈ ಚಿತ್ರ ಯಾರ ಪಕ್ಕ ಕೂತು ಕತೆ ಹೇಳುತ್ತದೆ ಅಂತ ನಾನು ಮೊದಲು ನೋಡುತ್ತೇನೆ. ಕೊಂದವನ ಪಕ್ಕವಾ? ಪೊಲೀಸರ ಪಕ್ಕವಾ? ಸತ್ತವರ ಮನೆಯವರ ಪಕ್ಕವಾ? ಸುಮ್ನೆ ಸಿಕ್ಕಿಹಾಕಿಕೊಂಡವರ ಪಕ್ಕವಾ? ಟಿವಿ ಬಂದ್ ಮಾಡಿದ ಮೇಲೆ ಮನೆಯಲ್ಲಿ ಯಾವ ಮಾತು ಉಳಿಯುತ್ತದೆ ಅನ್ನುವುದು ಇದರ ಮೇಲೆ ನಿಂತಿರುತ್ತದೆ. ಕಟ್ಟುಕತೆಯಾದರೆ ಹೋಗಲಿ ಬಿಡಿ ಅನ್ನಬಹುದಿತ್ತು. ಇಲ್ಲಿ ಸತ್ತವರಿಗೆ ತಾಯಿ ಇದ್ದಾಳೆ, ಮಕ್ಕಳಿದ್ದಾರೆ. ಅವರ ಮನೆಯಲ್ಲೂ ಒಂದು ಟಿವಿ ಇದೆ.

ಮಕ್ಕಳೂ ಕೂತಿದ್ದರೆ

ಹತ್ತು-ಹನ್ನೆರಡು ವರ್ಷದ ಮಕ್ಕಳಿದ್ದರೆ ಕೊಲೆಯ ಕತೆ ಬಿಟ್ಟು ಮೋಸದ ಕತೆ ಆರಿಸಿ. ನನ್ನ ಮೊದಲ ಆಯ್ಕೆ ನೀರಜ್ ಪಾಂಡೆ ನಿರ್ದೇಶನದ 'ಸ್ಪೆಷಲ್ 26'. 2013ರ ಹಿಂದಿ ಚಿತ್ರ. ಅಕ್ಷಯ್ ಕುಮಾರ್, ಅನುಪಮ್ ಖೇರ್ ನಕಲಿ ಸಿಬಿಐ ಅಧಿಕಾರಿಗಳು. ಅವರ ಬೆನ್ನು ಬಿದ್ದ ಅಸಲಿ ಅಧಿಕಾರಿ ಮನೋಜ್ ಬಾಜಪೇಯಿ.

ಇದರ ಹಿಂದಿರುವ ನಿಜ ಘಟನೆ ನಡೆದದ್ದು 1987ರ ಮಾರ್ಚ್ 19ರಂದು, ಮುಂಬೈನ ಒಪೇರಾ ಹೌಸ್ ಹತ್ತಿರದ ದೊಡ್ಡ ಬಂಗಾರದಂಗಡಿಯಲ್ಲಿ. ಒಬ್ಬಾತ ಪೇಪರ್‌ನಲ್ಲಿ ಕೆಲಸದ ಜಾಹೀರಾತು ಕೊಟ್ಟ. ಬಂದ ಹುಡುಗರನ್ನು ಸಂದರ್ಶನ ಮಾಡಿದ. ಆರಿಸಿದವರನ್ನು ದಾಳಿಗೆ ಅಂತ ಅಂಗಡಿಗೆ ಕರೆದುಕೊಂಡು ಹೋದ. ಹುಡುಗರು ತಮಗೆ ಸರ್ಕಾರಿ ಕೆಲಸ ಸಿಕ್ಕಿತು ಅಂತಲೇ ನಂಬಿದ್ದರು. ಆತ ಒಡವೆ ತುಂಬಿಕೊಂಡು ಹೊರಟು ಹೋದ ಮೇಲೂ ಅವರು ಅಂಗಡಿಯಲ್ಲೇ ಕಾಯುತ್ತಿದ್ದರು. ಆತ ಇವತ್ತಿಗೂ ಸಿಕ್ಕಿಲ್ಲ.

ಚಿತ್ರ ಕಳ್ಳರ ಪಕ್ಕವೇ ಕೂರುತ್ತದೆ, ಅದು ನಿಜ. ಮಕ್ಕಳು ಅವರ ಜಾಣತನಕ್ಕೆ ಚಪ್ಪಾಳೆ ಹೊಡೆಯುತ್ತಾರೆ. ಹಾಗಾಗಿ ಚಿತ್ರ ಮುಗಿದ ಮೇಲೆ ಆ ಕಾಯುತ್ತಾ ನಿಂತ ಹುಡುಗರ ಬಗ್ಗೆ ಒಂದು ಮಾತು ಎತ್ತಿ. ಮನೆಯಲ್ಲಿ ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಇರುವವರು ಒಬ್ಬರಾದರೂ ಇರುತ್ತಾರೆ. ಮಾತು ತಾನಾಗಿ ಬೆಳೆಯುತ್ತದೆ.

ಅಜ್ಜಿಗೆ ಹಿಂದಿ ಬರುವುದಿಲ್ಲ ಅಂದರೆ? ನಮ್ಮ ಊರಿನ ಅನುಕೂಲವೇ ಇದು. ಬಳ್ಳಾರಿ ಅಜ್ಜಿಯರಿಗೆ ಕನ್ನಡದಷ್ಟೇ ಸಲೀಸಾಗಿ ತೆಲುಗು ಬರುತ್ತದೆ. ಇದೇ ಕತೆಯನ್ನು ಸೂರ್ಯ ತಮಿಳಿನಲ್ಲಿ ಮಾಡಿದ್ದಾರೆ. ಅದು 2018ರಲ್ಲಿ 'ಗ್ಯಾಂಗ್' ಅನ್ನುವ ಹೆಸರಲ್ಲಿ ತೆಲುಗಿಗೂ ಬಂತು. ಹಾಡು, ನಗು ಜಾಸ್ತಿ. ಆದರೆ ಕೆಲಸ ಸಿಗದ ಗೆಳೆಯ ಪ್ರಾಣ ಕಳೆದುಕೊಳ್ಳುವ ಭಾಗ ಅದರಲ್ಲಿದೆ, ಅದು ಗೊತ್ತಿರಲಿ. ಕತೆಯ ಬಿಗಿಗೆ ಹಿಂದಿಯದೇ ಮೇಲು. ಎಲ್ಲರೂ ಒಟ್ಟಿಗೆ ಕೂರಬೇಕು ಅಂದರೆ ತೆಲುಗಿನದು ಸಾಕು.

ಇದನ್ನು ಮೊದಲಿಗೆ ಇಡಲು ಇನ್ನೊಂದು ಕಾರಣ ಇದೆ. ನಕಲಿ ಸಿಬಿಐ ಈಗ ಅಂಗಡಿಗೆ ಬರುವುದಿಲ್ಲ, ವಿಡಿಯೊ ಕಾಲ್‌ನಲ್ಲಿ ಬರುತ್ತಾನೆ. ಯೂನಿಫಾರ್ಮ್ ಹಾಕಿಕೊಂಡು, ಹಿಂದೆ ಆಫೀಸಿನ ಹಾಗೆ ಕಾಣುವ ಗೋಡೆ ಇಟ್ಟುಕೊಂಡು, "ನಿಮ್ಮ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಅಂತಾನೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಈ ಮಾತನ್ನು ರಿಟೈರ್ ಆದ ಅಪ್ಪನಿಗೆ ಸುಮ್ನೆ ಹೇಳಿದರೆ "ನನಗೆ ಗೊತ್ತು ಬಿಡಪ್ಪಾ" ಅಂತಾರೆ. ಚಿತ್ರ ನೋಡಿದ ರಾತ್ರಿ ಹೇಳಿದರೆ ಕಿವಿಗೆ ಹೋಗುತ್ತದೆ. 1930 ಅನ್ನುವ ಸೈಬರ್ ಸಹಾಯವಾಣಿ ನಂಬರನ್ನು ಆಗಲೇ ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ.

ಕನ್ನಡದ್ದೇ ಬೇಕು ಅಂದರೆ

ಇಲ್ಲಿ ನನ್ನ ಮನಸ್ಸು 'ಸೈನೈಡ್' ಕಡೆಗೆ ಹೋಗುತ್ತದೆ. 2006ರ ಚಿತ್ರ, ಎ.ಎಂ.ಆರ್. ರಮೇಶ್ ನಿರ್ದೇಶನ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ ಆಯಿತು. ಅದರ ಸೂತ್ರಧಾರ ಶಿವರಾಸನ್ ಮತ್ತು ಸಂಗಡಿಗರು ಬೆಂಗಳೂರಿಗೆ ಬಂದು ಅಡಗಿದರು. ಕೊನೆಗೆ ಕೋಣನಕುಂಟೆಯ ಒಂದು ಮನೆಯಲ್ಲಿ ಸುತ್ತುವರಿಯಲ್ಪಟ್ಟರು. ಆಗಸ್ಟ್ 20ರಂದು ಕಮಾಂಡೊಗಳು ಒಳಗೆ ನುಗ್ಗಿದಾಗ ಒಬ್ಬರೂ ಜೀವಂತ ಉಳಿದಿರಲಿಲ್ಲ.

ಇಷ್ಟು ದೊಡ್ಡ ಘಟನೆಯನ್ನು ಈ ಚಿತ್ರ ಒಂದು ಬಾಡಿಗೆ ಮನೆಯೊಳಗೆ ಕೂತು ನೋಡುತ್ತದೆ. ರವಿ ಕಾಳೆ ಶಿವರಾಸನ್ ಪಾತ್ರದಲ್ಲಿ, ಮಾಳವಿಕಾ ಆತನ ಜೊತೆಗಾರ್ತಿ ಶುಭಾ ಪಾತ್ರದಲ್ಲಿ. ಆದರೆ ಕಣ್ಣು ಹೋಗುವುದು ತಾರಾ ಕಡೆಗೆ. ಗಂಡ ಯಾರನ್ನೋ ಮನೆಗೆ ಕರೆತಂದಿದ್ದಾನೆ. ಬಂದವರು ಯಾರು ಅಂತ ಅವಳಿಗೆ ಬರಬರುತ್ತಾ ಗೊತ್ತಾಗುತ್ತದೆ. ಹೊರಗೆ ಹೋಗುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ. ಅಡುಗೆಮನೆ ಅದೇ, ಹೆದರಿಕೆ ಮಾತ್ರ ದಿನಾ ಬೆಳೆಯುತ್ತದೆ. ಮನೆಯ ಹೆಂಗಸರು ಈ ಚಿತ್ರಕ್ಕೆ ಅಂಟಿಕೊಂಡು ಕೂರುವುದು ಇದಕ್ಕೇ. ಗುಂಡಿನ ಸದ್ದಿಗಿಂತ ಬಾಗಿಲ ಬಡಿತ ಹೆಚ್ಚು ಹೆದರಿಸುತ್ತದೆ. ಹೈಸ್ಕೂಲ್ ದಾಟಿದ ಮಕ್ಕಳಿಗೆ ತೋರಿಸಬಹುದು. 1991 ಅಂದರೆ ಏನು ಅಂತ ಅಪ್ಪ-ಅಮ್ಮನ ಬಾಯಿಂದ ಕೇಳಲಿಕ್ಕೂ ಒಳ್ಳೆಯ ನೆಪ.

ವೀರಪ್ಪನ್ ಬಗ್ಗೆ ನೋಡಬೇಕು ಅಂದರೆ ಮೂರು ದಾರಿ ಇವೆ. ಇದೇ ರಮೇಶ್ ಅವರ 'ಅಟ್ಟಹಾಸ' (2013). ಕಿಶೋರ್ ವೀರಪ್ಪನ್, ಅರ್ಜುನ್ ಸರ್ಜಾ ಪೊಲೀಸ್ ಅಧಿಕಾರಿ. ರಾಜ್‌ಕುಮಾರ್ ಅಪಹರಣದ ಭಾಗವೂ ಇದರಲ್ಲಿದೆ. ಎರಡನೆಯದು ರಾಮ್ ಗೋಪಾಲ್ ವರ್ಮಾ ನಿರ್ದೇಶನದ 'ಕಿಲ್ಲಿಂಗ್ ವೀರಪ್ಪನ್' (2016), ಶಿವರಾಜ್‌ಕುಮಾರ್ ನಾಯಕ. ಮೂರನೆಯದು 2023ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ನಾಲ್ಕು ಕಂತಿನ ಸಾಕ್ಷ್ಯಚಿತ್ರ 'ದಿ ಹಂಟ್ ಫಾರ್ ವೀರಪ್ಪನ್'.

'ಕಿಲ್ಲಿಂಗ್ ವೀರಪ್ಪನ್' ಬೇಟೆಯ ಕತೆ. 2004ರ ಅಕ್ಟೋಬರ್ 18ರ ರಾತ್ರಿ ಕಣ್ಣಿನ ಚಿಕಿತ್ಸೆ ಅಂತ ನಂಬಿಸಿ ಆಂಬುಲೆನ್ಸ್ ಹತ್ತಿಸಿ ಕರೆತಂದ ಆ ಕಾರ್ಯಾಚರಣೆಗೆ ಬೇಕಾದ ಬಿಗಿ ಅದರಲ್ಲಿದೆ. ಶಿವಣ್ಣನ ಅಭಿಮಾನಿಗಳಿದ್ದರೆ ಬೇರೆ ಚರ್ಚೆಯೇ ಬೇಡ. 'ಅಟ್ಟಹಾಸ' ವೀರಪ್ಪನ್‌ನ ಬದುಕಿನ ಹೆಚ್ಚು ಭಾಗ ಹೇಳುತ್ತದೆ. ಕಿಶೋರ್ ಆ ಪಾತ್ರವನ್ನು ಎತ್ತರಿಸಿಯೂ ತೋರಿಸುವುದಿಲ್ಲ, ಕಾರ್ಟೂನೂ ಮಾಡುವುದಿಲ್ಲ. ನನಗೆ ಇವೆರಡರಲ್ಲಿ 'ಅಟ್ಟಹಾಸ'ವೇ ಇಷ್ಟ.

ಆದರೆ ಹಿರಿಯರ ಜೊತೆ ಕೂರುವುದಾದರೆ ಸಾಕ್ಷ್ಯಚಿತ್ರ ಇವೆರಡಕ್ಕಿಂತ ಮೇಲು. 2000ರ ಜುಲೈ 30ರಿಂದ 108 ದಿನ ರಾಜ್‌ಕುಮಾರ್ ಕಾಡಿನಲ್ಲಿದ್ದರು. ಆ ದಿನಗಳ ನೆನಪಿಲ್ಲದ ಹಿರಿಯರು ಯಾರಿದ್ದಾರೆ ಹೇಳಿ. ಚಿತ್ರ ಅರ್ಧಕ್ಕೆ ನಿಲ್ಲಿಸಿ ಅವರೇ ಕತೆ ಹೇಳಲು ಶುರು ಮಾಡುತ್ತಾರೆ. ನಿಲ್ಲಿಸಲಿ, ಮನೆಯಲ್ಲಿ ನೋಡುವ ಸುಖವೇ ಅದು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪಿ. ಶ್ರೀನಿವಾಸ್ ಅನ್ನುವ ಅರಣ್ಯಾಧಿಕಾರಿಯ ಕತೆ. ಆಂಧ್ರದಿಂದ ಬಂದವರು. ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲಿ ಇದ್ದು ಜನರಿಗೆ ದವಾಖಾನೆ ಮಾಡಿಕೊಟ್ಟರು. ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿದರು. ಬಂದೂಕಿಲ್ಲದೆಯೂ ಆತನನ್ನು ಶರಣಾಗಿಸಬಹುದು ಅಂತ ನಂಬಿದ್ದರು. 1991ರ ನವೆಂಬರ್‌ನಲ್ಲಿ ವೀರಪ್ಪನ್ ಶರಣಾಗುವ ಮಾತಾಡಿ ಇವರನ್ನು ಕರೆಸಿಕೊಂಡು ಕೊಂದ. ಆಮೇಲೆ ಸರ್ಕಾರ ಅವರಿಗೆ ಕೀರ್ತಿ ಚಕ್ರ ಕೊಟ್ಟಿತು. ಮೀಸೆಯ ಫೋಟೊ ಮಾತ್ರ ನೋಡಿ ಬೆಳೆದ ಹುಡುಗರಿಗೆ ಈ ಹೆಸರು ಗೊತ್ತಿರಬೇಕು.

ಅದೇ ಸಾಕ್ಷ್ಯಚಿತ್ರದಲ್ಲಿ ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ ಮಾತಾಡುತ್ತಾರೆ. ಹುಡುಕಾಟದ ಹೆಸರಲ್ಲಿ ಪೊಲೀಸರ ಕೈಗೆ ಸಿಕ್ಕಿ ಚಿತ್ರಹಿಂಸೆ ಅನುಭವಿಸಿದ ಹಳ್ಳಿ ಜನರ ವಿಷಯವೂ ಬರುತ್ತದೆ. ಒಂದೇ ಪಕ್ಕ ಕೂರದೆ ಎಲ್ಲರ ಪಕ್ಕಕ್ಕೂ ಹೋಗಿ ಬರುತ್ತದೆ. ತಮಿಳು ಮಾತು ಜಾಸ್ತಿ. ಸಬ್‌ಟೈಟಲ್ ಓದಲಾಗದ ಹಿರಿಯರಿಗೆ ಪಕ್ಕದಲ್ಲಿ ಕೂತು ಯಾರಾದರೂ ಹೇಳುತ್ತಾ ಹೋಗಬೇಕು.

'ದಂಡುಪಾಳ್ಯ' ಬೇಡ

ಮನೆಗಳಿಗೆ ನುಗ್ಗಿ ಕೊಂದು ದೋಚುತ್ತಿದ್ದ ಗ್ಯಾಂಗಿನ ಕತೆ, 2012ರ 'ದಂಡುಪಾಳ್ಯ' ದೊಡ್ಡ ಹಿಟ್. ತೆಲುಗಿನಲ್ಲೂ ಓಡಿತು. ಹಾಗಾಗಿ ನಮ್ಮ ಕಡೆ ಯಾರಾದರೂ ಅದರ ಹೆಸರು ಎತ್ತಿಯೇ ಎತ್ತುತ್ತಾರೆ. ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ ಚೆನ್ನಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮನೆಮಂದಿ ಜೊತೆ ಇದನ್ನು ಹಾಕಬೇಡಿ ಅನ್ನುತ್ತೇನೆ.

ಕೊಲೆಯನ್ನು ಅದು ಹತ್ತಿರದಿಂದ, ಹೊತ್ತು ತೆಗೆದುಕೊಂಡು ತೋರಿಸುತ್ತದೆ. ಒಂಟಿ ಹೆಂಗಸರ ಮೇಲಿನ ಕ್ರೌರ್ಯವನ್ನೂ ಹಾಗೇ ತೋರಿಸುತ್ತದೆ. ಸತ್ತವರು ಯಾರು, ಏನಾಗಿದ್ದರು ಅಂತ ನಮಗೆ ತಿಳಿಯುವ ಮೊದಲೇ ಸತ್ತುಹೋಗಿರುತ್ತಾರೆ. ಕ್ಯಾಮೆರಾ ಗ್ಯಾಂಗಿನ ಜೊತೆಯೇ ಮುಂದಿನ ಮನೆಗೆ ಹೋಗುತ್ತದೆ.

ಇನ್ನೂ ಒಂದಿದೆ. ಗ್ಯಾಂಗಿನ ಹೆಂಗಸು ಮಧ್ಯಾಹ್ನ ಬಾಗಿಲಿಗೆ ಬಂದು ನೀರು ಕೇಳುತ್ತಾಳೆ. ಒಳಗಿನವರು ತರಲು ತಿರುಗಿದಾಗ ಉಳಿದವರು ನುಗ್ಗುತ್ತಾರೆ. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತು. ಏಪ್ರಿಲ್-ಮೇ ತಿಂಗಳಲ್ಲಿ ಬಾಗಿಲಿಗೆ ಬಂದವರು ಯಾರೇ ಇರಲಿ, ಸಿಲಿಂಡರ್ ತಂದವನೋ, ಕೊರಿಯರ್ ಹುಡುಗನೋ, ಸೊಪ್ಪು ಮಾರುವ ಅವ್ವನೋ, ಒಂದು ಚೊಂಬು ನೀರು ಕೊಡದೆ ಕಳಿಸುವ ಪದ್ಧತಿ ಇಲ್ಲ. ಕೊಡುವುದು ಹೆಚ್ಚಾಗಿ ಮನೆಯಲ್ಲಿರುವ ಅಜ್ಜಿ, ಇಲ್ಲವೇ ಶಾಲೆಯಿಂದ ಬಂದ ಮಗು. ಆ ಮಗುವಿನ ತಲೆಯಲ್ಲಿ ಈ ದೃಶ್ಯ ಕೂತರೆ ಸೊಪ್ಪಿನ ಅವ್ವನ ಮುಖಕ್ಕೇ ಬಾಗಿಲು ಹಾಕಿಕೊಳ್ಳುತ್ತದೆ. ಎಚ್ಚರ ಕಲಿಸಬೇಕು, ಸರಿ. ಗ್ರಿಲ್ ಗೇಟಿನ ಸಂದಿಯಿಂದಲೇ ನೀರು ಕೊಡು ಅಂತ ಹೇಳಿಕೊಟ್ಟರೆ ಆಯಿತು. ಅದಕ್ಕೆ ಈ ಚಿತ್ರ ಬೇಕಿಲ್ಲ.

ವಾದ ಮಾಡುವ ಮನೆಗೆ: 'ತಲ್ವಾರ್' ಮತ್ತು 'ಜೈ ಭೀಮ್'

ಮಕ್ಕಳು ಮಲಗಿದ್ದಾರೆ, ಕೂತವರೆಲ್ಲ ದೊಡ್ಡವರು, ಅದರಲ್ಲಿ ಒಬ್ಬರು ವಕೀಲರೋ ಮೇಷ್ಟ್ರೋ ಇದ್ದಾರೆ ಅಂದರೆ ಈ ಎರಡರಲ್ಲಿ ಒಂದನ್ನು ಆರಿಸಿ.

ಮೇಘನಾ ಗುಲ್ಜಾರ್ ಅವರ 'ತಲ್ವಾರ್' 2015ರ ಹಿಂದಿ ಚಿತ್ರ. 2008ರ ನೊಯ್ಡಾ ಜೋಡಿ ಕೊಲೆ ಅದರ ಮೂಲ. ಮನೆಯ ಹುಡುಗಿ ಮತ್ತು ಕೆಲಸದಾತ ಇಬ್ಬರೂ ಸತ್ತಿದ್ದಾರೆ. ಯಾರು ಕೊಂದರು? ಚಿತ್ರ ಒಂದೇ ರಾತ್ರಿಯನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಮೊದಲ ಪೊಲೀಸರು ಹೇಳಿದ್ದು ಒಂದು, ಆಮೇಲಿನ ತನಿಖೆ ಹೇಳಿದ್ದು ಇನ್ನೊಂದು. ನೋಡುತ್ತಾ ನೋಡುತ್ತಾ ನಾವೇ ತೀರ್ಪು ಕೊಟ್ಟು, ಅರ್ಧ ಗಂಟೆಗೆ ಬದಲಾಯಿಸುತ್ತೇವೆ. ಇರ್ಫಾನ್ ಖಾನ್ ಅಭಿನಯ ಹೇಳಲೇಬೇಕಿಲ್ಲ. ಆ ಹುಡುಗಿಯ ತಂದೆ-ತಾಯಿಗೆ 2013ರಲ್ಲಿ ಕೆಳಗಿನ ಕೋರ್ಟ್ ಶಿಕ್ಷೆ ಕೊಟ್ಟಿತ್ತು. ಚಿತ್ರ ಬಂದು ಎರಡು ವರ್ಷಕ್ಕೆ, 2017ರ ಅಕ್ಟೋಬರ್‌ನಲ್ಲಿ, ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು. ಇದನ್ನು ಚಿತ್ರ ಮುಗಿದ ಮೇಲೆ ಹೇಳಿ, ಮೊದಲೇ ಹೇಳಬೇಡಿ. ಸತ್ತ ಹುಡುಗಿಯ ಬಗ್ಗೆ ಕೆಟ್ಟದಾಗಿ ಮಾತಾಡುವ ಅಧಿಕಾರಿಗಳ ದೃಶ್ಯಗಳಿವೆ, ಹದಿಹರೆಯದ ಮಕ್ಕಳ ಎದುರು ಮುಜುಗರ ಆಗುತ್ತದೆ.

'ಜೈ ಭೀಮ್' 2021ರದು, ತ.ಸೆ. ಜ್ಞಾನವೇಲ್ ನಿರ್ದೇಶನ. ಪ್ರೈಮ್‌ನಲ್ಲಿ ಕನ್ನಡ ಧ್ವನಿಯಲ್ಲೂ ಬಿಡುಗಡೆ ಆಯಿತು. ಇದು ನಮ್ಮಂಥ ಮನೆಗಳಿಗೆ ದೊಡ್ಡ ಉಪಕಾರ. 1993ರಲ್ಲಿ ತಮಿಳುನಾಡಿನ ಒಬ್ಬ ಬಡ ಮನುಷ್ಯನನ್ನು ಕಳ್ಳತನದ ಆರೋಪದಲ್ಲಿ ಪೊಲೀಸರು ಹಿಡಿದುಕೊಂಡು ಹೋದರು. ಆತ ಮನೆಗೆ ಬರಲೇ ಇಲ್ಲ. ಹೆಂಡತಿ ಬಿಡಲಿಲ್ಲ. ಆಗ ವಕೀಲರಾಗಿದ್ದ ಕೆ. ಚಂದ್ರು ಅವಳ ಪರ ನಿಂತರು. ಮುಂದೆ ಅವರೇ ಮದ್ರಾಸ್ ಹೈಕೋರ್ಟ್ ನ್ಯಾಯಮೂರ್ತಿ ಆದರು. ಚಿತ್ರದಲ್ಲಿ ಆ ಪಾತ್ರ ಸೂರ್ಯನದು, ಆದರೆ ಕತೆ ಆ ಹೆಂಡತಿಯ ಪಕ್ಕ ಬಿಟ್ಟು ಏಳುವುದಿಲ್ಲ. ಠಾಣೆಯೊಳಗಿನ ಹೊಡೆತದ ದೃಶ್ಯಗಳು ಉದ್ದ, ತಡೆದುಕೊಳ್ಳುವುದು ಕಷ್ಟ. ಹೃದಯದ ತೊಂದರೆ ಇರುವವರಿದ್ದರೆ ಆ ಭಾಗ ಮುಂದಕ್ಕೆ ಓಡಿಸಿ. ಕೊನೆಗೆ ಅವಳ ಪುಟ್ಟ ಮಗಳು ವಕೀಲರ ಎದುರು ಕುರ್ಚಿಯಲ್ಲಿ ಕೂತು, ಅವರ ಹಾಗೆಯೇ ಕಾಲ ಮೇಲೆ ಕಾಲು ಹಾಕಿ ಪೇಪರ್ ಬಿಡಿಸುತ್ತಾಳೆ. ಒಂದು ಕ್ಷಣ ಅವರ ಮುಖ ನೋಡುತ್ತಾಳೆ. ಪರವಾಗಿಲ್ಲ ಅನ್ನುವ ಹಾಗೆ ಅವರು ಸನ್ನೆ ಮಾಡುತ್ತಾರೆ.

ಒಂದೇ ಆರಿಸು ಅಂದರೆ ನಾನು 'ಜೈ ಭೀಮ್' ಅನ್ನುತ್ತೇನೆ. 'ತಲ್ವಾರ್' ಮುಗಿದ ಮೇಲೆ ಮನೆ ಎರಡು ಗುಂಪಾಗಿ ಯಾರು ಕೊಂದರು ಅಂತ ಜಗಳಾಡುತ್ತದೆ. 'ಜೈ ಭೀಮ್' ಮುಗಿದ ಮೇಲೆ ನಮ್ಮ ಓಣಿಯಲ್ಲಿ ಕಳ್ಳತನ ಆದಾಗ ನಾವು ಮೊದಲು ಯಾರ ಕಡೆ ಬೆರಳು ತೋರಿಸುತ್ತೇವೆ ಅನ್ನುವ ಮಾತು ಬರುತ್ತದೆ. ಎರಡನೆಯ ಮಾತು ಬೇಕು.

ಮನೆಯೊಳಗಿನ ಸಾವಿನ ಕತೆಗಳು

ನೆಟ್‌ಫ್ಲಿಕ್ಸ್‌ನಲ್ಲಿ ಎರಡಿವೆ. 'ಕರ್ರಿ ಅಂಡ್ ಸಯನೈಡ್' (2023) ಕೇರಳದ ಕೂಡತ್ತಾಯಿ ಪ್ರಕರಣದ್ದು. 2002ರಿಂದ 2016ರ ನಡುವೆ ಒಂದೇ ಬಳಗದಲ್ಲಿ ಆರು ಸಾವು, ಆರೋಪ ಸೊಸೆಯ ಮೇಲೆ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅತ್ತೆ-ಸೊಸೆ ಒಟ್ಟಿಗಿರುವ ಮನೆಯಲ್ಲಿ ಇದು ಬೇಡ. "ಇನ್ಮೇಲೆ ಊಟ ಮಾಡೋಕೂ ಹೆದರಿಕೆ" ಅಂತ ಯಾರಾದರೂ ತಮಾಷೆಗೆ ಅಂದುಬಿಡುತ್ತಾರೆ. ಬೆಳಗ್ಗೆಯಿಂದ ಹದಿನೈದು ಜನರಿಗೆ ರೊಟ್ಟಿ ತಟ್ಟಿದ ಹೆಣ್ಣುಮಗಳಿಗೆ ಆ ಮಾತು ಎಲ್ಲಿ ನಾಟುತ್ತದೆ ಅಂತ ಯೋಚನೆ ಮಾಡಿ.

'ಹೌಸ್ ಆಫ್ ಸೀಕ್ರೆಟ್ಸ್' (2021) ದೆಹಲಿಯ ಬುರಾರಿಯದು. 2018ರ ಜುಲೈ 1ರಂದು ಒಂದೇ ಮನೆಯ ಹನ್ನೊಂದು ಜನ ಸತ್ತದ್ದು ನಿಮಗೆ ನೆನಪಿರಬಹುದು. ಲೀನಾ ಯಾದವ್ ಮೂರು ಕಂತುಗಳಲ್ಲಿ ತುಂಬಾ ಗೌರವದಿಂದ ಹೇಳಿದ್ದಾರೆ. ಮಾನಸಿಕ ಕಾಯಿಲೆಯ ಬಗ್ಗೆ ಮನೆಯವರು ಹೇಗೆ ಬಾಯಿ ಮುಚ್ಚಿಕೊಳ್ಳುತ್ತಾರೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದನ್ನು ನಾನು ನೋಡಿಲ್ಲ. ಆದರೆ ಹಬ್ಬದ ರಾತ್ರಿಗೆ ಅಲ್ಲ. ಇಬ್ಬರು ಮೂವರು ದೊಡ್ಡವರು, ಹಗಲು ಹೊತ್ತಿನಲ್ಲಿ ನೋಡಿ. ಬಂಧುಗಳಲ್ಲಿ ಯಾರಾದರೂ ಆತ್ಮಹತ್ಯೆಯಿಂದ ತೀರಿಕೊಂಡಿದ್ದರೆ ಅವರನ್ನು ಕೇಳದೆ ಹಾಕಲೇಬೇಡಿ. ಮನಸ್ಸಿಗೆ ಭಾರ ಅನ್ನಿಸಿದವರಿಗೆ 14416 ಟೆಲಿ ಮಾನಸ್ ನಂಬರ್. ಕನ್ನಡದಲ್ಲೇ ಮಾತಾಡಬಹುದು.

ಬಹಳ ದಿನ ಜೊತೆಗಿದ್ದರೆ

ವಾರಗಟ್ಟಲೆ ಎಲ್ಲರೂ ಇರುತ್ತಾರೆ ಅಂದರೆ 'ಸ್ಕ್ಯಾಮ್ 1992'. ಹನ್ಸಲ್ ಮೆಹ್ತಾ ಅವರ ಹತ್ತು ಕಂತಿನ ಸರಣಿ, ಸೋನಿ ಲಿವ್‌ನಲ್ಲಿ 2020ರಲ್ಲಿ ಬಂತು. ಹರ್ಷದ್ ಮೆಹ್ತಾ ಬ್ಯಾಂಕುಗಳ ನಡುವಿನ ರಸೀದಿ ವ್ಯವಹಾರದಲ್ಲಿ ಸಂದಿ ಹುಡುಕಿ, ಬ್ಯಾಂಕಿನ ದುಡ್ಡನ್ನು ಷೇರು ಪೇಟೆಗೆ ಹರಿಸಿದ ಕತೆ. ಪತ್ರಕರ್ತೆ ಸುಚೇತಾ ದಲಾಲ್ ಅದನ್ನು ಹೊರಗೆ ಹಾಕಿದರು. ಬೈಗುಳ ಇದೆ, ರಕ್ತ ಇಲ್ಲ. ಪ್ರತೀಕ್ ಗಾಂಧಿ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ ಹುಡುಗರಿಗೆ ಆತನೇ ಹೀರೊ ಆಗಿಬಿಡುತ್ತಾನೆ. ಅಲ್ಲಿ ದೊಡ್ಡವರು ಬಾಯಿ ಹಾಕಬೇಕು.

ಬಳ್ಳಾರಿಯ ದೊಡ್ಡವರಿಗೆ ಹೇಳಲು ಬೇಕಾದಷ್ಟಿದೆ. ಸಂಡೂರು ರಸ್ತೆಯಲ್ಲಿ ಸಾಲುಗಟ್ಟಿದ ಅದಿರು ಲಾರಿಗಳು, ಮನೆಯೊಳಗೂ ಕೂರುತ್ತಿದ್ದ ಕೆಂಪು ದೂಳು, ರಾತ್ರೋರಾತ್ರಿ ಏರಿದ ಜಾಗದ ಬೆಲೆ, 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ. ಹೊಲ ಕೊಟ್ಟವರು, ಲಾರಿ ಸಾಲ ಮಾಡಿ ಕೊನೆಗೆ ಕಂತು ಕಟ್ಟಲಾಗದೆ ಕೂತವರು ನಮ್ಮ ಬಳಗದಲ್ಲೇ ಇದ್ದಾರೆ. ಸರಣಿಯಲ್ಲಿ ಷೇರು ಬೆಲೆ ಏರುವ ಕಂತು ಬಂದಾಗ ಪಕ್ಕದಲ್ಲಿ ಕೂತ ಮಾವ ಆ ದಿನಗಳನ್ನು ನೆನೆಸಿಕೊಂಡರೆ ನಿಲ್ಲಿಸಬೇಡಿ. ರಿಮೋಟ್ ಕೆಳಗಿಟ್ಟು ಕೇಳಿ.

ಹಾಕುವ ಮುಂಚೆ

ಒಟಿಟಿಯಲ್ಲಿ ಹೆಸರಿನ ಪಕ್ಕ ಯು, ಯು/ಎ 7+, 13+, 16+, ಎ ಅಂತ ಗುರುತು ಇರುತ್ತದೆ. 2021ರ ನಿಯಮದಿಂದ ಬಂದದ್ದು. ಅದರ ಕೆಳಗೆ ಹಿಂಸೆ, ಬೈಗುಳ ಅಂತ ಚಿಕ್ಕದಾಗಿ ಬರೆದಿರುತ್ತಾರೆ. ಅದನ್ನು ಓದಿ, ಉಪಯೋಗಕ್ಕೆ ಬರುತ್ತದೆ. 13+ ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ ಲಾಕ್ ಹಾಕುವ ಸೌಲಭ್ಯ ಕೊಡಲೇಬೇಕು ಅಂತ ನಿಯಮ ಇದೆ. ಮಕ್ಕಳ ಪ್ರೊಫೈಲ್ ಬೇರೆ ಮಾಡಿ, ದೊಡ್ಡವರದಕ್ಕೆ ಪಿನ್ ಇಡಿ. ಇಲ್ಲದಿದ್ದರೆ ರಾತ್ರಿ ನೀವು ನೋಡಿ ನಿಲ್ಲಿಸಿದ್ದು ಮರುದಿನ ಬೆಳಗ್ಗೆ ಅವರ ಕಣ್ಣೆದುರು ಮೊದಲ ಸಾಲಿನಲ್ಲೇ ಇರುತ್ತದೆ.

ಹಳೆಯ ಕನ್ನಡ ಚಿತ್ರಗಳು ಸಿಗುವ ಜಾಗ ಆಗಾಗ ಬದಲಾಗುತ್ತದೆ. ಸಂಜೆಯೇ ಹುಡುಕಿ, ಎರಡು ನಿಮಿಷ ಓಡಿಸಿ, ಯಾವ ಭಾಷೆಯ ಧ್ವನಿ ಇದೆ ಅಂತ ನೋಡಿಕೊಳ್ಳಿ. ಎಲ್ಲರೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಟ್ಟೆ ಹಿಡಿದು ಕೂತ ಮೇಲೆ ಹುಡುಕಲು ಶುರು ಮಾಡಿದರೆ ಯಾರೋ ಕೈಗೆ ಸಿಕ್ಕ 'ದಂಡುಪಾಳ್ಯ'ವನ್ನೇ ಹಾಕಿಬಿಡುತ್ತಾರೆ.